ಎಂಟಾಳಿನ ಮೋಟಾರ್ ಸೈಕಲ್

ಮೋಟಾರ್ ಸೈಕಲ್ ಕೊಳ್ಳಲು ಹೊರಟವನಿಗೆ ಬುದ್ಧಿ ಹೇಳುವವರು ನಮ್ಮ ಕಡೆ ಯಾವತ್ತೂ ಕಡಿಮೆಯಾದದ್ದಿಲ್ಲ. ಗಾಡಿ ಒಬ್ಬನದು, ಅಭಿಪ್ರಾಯ ಊರಿನದು. ಈಗಲೂ ಯಾರಾದರೂ ಹೊಸದೊಂದು ತಂದು ಬಸ್ ಸ್ಟ್ಯಾಂಡಿನ ಎದುರು ನಿಲ್ಲಿಸಲಿ, ಎಳನೀರು ಕುಡಿಯಲು ಬಂದವನೂ ಅದರ ಟಯರಿಗೆ ಒಂದು ಒದೆ ಕೊಟ್ಟು, "ಆ ಇನ್ನೊಂದು ಕಂಪನೀದು ತಕೊಳ್ಳಬೇಕಿತ್ತು" ಎಂದು ಹೇಳಿಯೇ ಹೋಗುತ್ತಾನೆ. ಇಂಥ ಪ್ರಸಂಗಗಳು ನನ್ನ ಪಾಲಿಗೆ ಬಂದಷ್ಟು ಬೇರೆಯವರಿಗೆ ಬಂದಿರಲಾರವು. ಅರವತ್ತರ ದಶಕದಲ್ಲಿ ನಾನು ಚಹಾಪುಡಿ ಕಂಪನಿಯೊಂದರ ಏಜೆಂಟನಾಗಿ ಕುಮಟೆ, ಹೊನ್ನಾವರ, ಭಟ್ಕಳ ಮೂರೂ ಊರು ತಿರುಗುತ್ತಿದ್ದೆ. ಮತ್ತು ನನಗೊಂದು ಮೋಟಾರ್ ಸೈಕಲ್ ಬೇಕಿತ್ತು.

ಬೇಕಿತ್ತು ಎಂದರೆ ಬರೀ ಓಡಾಟಕ್ಕಲ್ಲ. ಓಡಾಟಕ್ಕೆ ಬಸ್ಸಿತ್ತು, ನನ್ನ ಸೈಕಲ್ಲೂ ಇತ್ತು. ನನಗೆ ಬೇಕಾಗಿದ್ದದ್ದು ಮರ್ಯಾದೆ. ನನ್ನೂರು ಹೊಳನಗದ್ದೆಯಿಂದ, ಇಸ್ತ್ರಿ ಮಾಡಿದ ಪ್ಯಾಂಟು ಹಾಕಿಕೊಂಡು ಹೊರಟವನು ಹಿಂದೆ ಚಹಾಡಬ್ಬ ಕಟ್ಟಿಕೊಂಡು ಸೈಕಲ್ ತುಳಿಯುತ್ತ ಬಂದರೆ ಅಂಗಡಿಯವರು "ಇವತ್ತು ಬೇಡ, ಬರೂ ವಾರ ಬಾ" ಎನ್ನುತ್ತಿದ್ದರು. ಅದೇ ಅಂಗಡಿಯವರು ಮೋಟಾರ್ ಸೈಕಲ್ಲಿನಲ್ಲಿ ಬಂದ ಸೋಪಿನ ಏಜೆಂಟನಿಗೆ ಕುರ್ಚಿ ಹಾಕಿ, ನನ್ನದೇ ಚಹಾಪುಡಿಯಿಂದ ಚಹಾ ಮಾಡಿ ಕೊಡುತ್ತಿದ್ದರು. ಇದನ್ನು ನೋಡಿಕೊಂಡು ಸುಮ್ಮನಿರುವ ಜಾತಿಯವನು ನಾನಲ್ಲ. ಕೊಳ್ಳುವುದೆಂದು ತೀರ್ಮಾನವಾಗಿಯೇ ಹೋಯಿತು. ಯಾವುದನ್ನು ಕೊಳ್ಳುವುದು ಎಂಬುದೊಂದೇ ಬಾಕಿ. ಆ ಒಂದಕ್ಕೇ ವರ್ಷಗಟ್ಟಲೆ ಹಿಡಿಯಿತು.

ತಾರಿಯ ತೂಕ

ಕಂಪನಿಗಳ ಹೆಸರು ನಮ್ಮ ನಾಲಿಗೆಯ ಮೇಲೆ ಹೊರಳುತ್ತಿರಲಿಲ್ಲ. ಈರುಳ್ಳಿ ಎಂದರೆ ಕುಮಟೆಯದು, ಮಲ್ಲಿಗೆ ಎಂದರೆ ಭಟ್ಕಳದ್ದು ಎಂದು ಎಲ್ಲವನ್ನೂ ಊರಿನಿಂದಲೇ ಗುರುತಿಸುವ ಜನ ನಾವು. ಮೋಟಾರ್ ಸೈಕಲ್ಲನ್ನೂ ಹಾಗೇ ಗುರುತಿಸಿದೆವು. ಮದ್ರಾಸಿನಲ್ಲಿ ತಯಾರಾಗುವ ದೊಡ್ಡದು "ಮದ್ರಾಸಿನದು". ಮೈಸೂರಿನ ಕಾರ್ಖಾನೆಯಿಂದ ಬರುವ ಮಧ್ಯಮ ಗಾತ್ರದ್ದು "ಮೈಸೂರಿನದು". ಉತ್ತರದಿಂದ ಬರುವ ಸಣ್ಣದು "ದಿಲ್ಲಿ ಕಡೇದು". ಮಿಲಿಟರಿಯವರು ಹಳೇದಾಯಿತೆಂದು ಹರಾಜು ಹಾಕುತ್ತಿದ್ದ, ಇಂಗ್ಲೆಂಡಿನಿಂದ ಬಂದ, ಕೋಣನಂಥದ್ದು "ವಿಲಾಯತಿ".

ಯಾವುದು ದೊಡ್ಡದು, ಯಾವುದು ಸಣ್ಣದು ಎಂದು ಪುಸ್ತಕ ನೋಡಿ ಹೇಳುವವರು ಬೇರೆ ಊರಿನವರು. ನಮ್ಮಲ್ಲಿ ಅದನ್ನು ನಿಶ್ಚಯಿಸುತ್ತಿದ್ದದ್ದು ಹೊನ್ನಾವರದ ತಾರಿ, ಅಂದರೆ ಹೊಳೆ ದಾಟುವ ದೋಣಿಗಟ್ಟೆ. ಆಗ ಶರಾವತಿಗೆ ಸೇತುವೆ ಇರಲಿಲ್ಲ. ಭಟ್ಕಳದ ಕಡೆ ಹೋಗಬೇಕಾದವರೆಲ್ಲ ತಾರಿಯಲ್ಲಿ ದೋಣಿ ಹತ್ತಿ ಆಚೆಯ ಕಾಸರಕೋಡಿಗೆ ದಾಟಬೇಕು. ಬಸ್ಸು, ಲಾರಿಗಳಿಗೆ ಎರಡು ದೋಣಿ ಜೋಡಿಸಿ ಮೇಲೆ ಹಲಗೆ ಹಾಸಿದ ಜಂಗಲ್ ಇತ್ತು. ಆದರೆ ಹೊಳೆಯ ನೀರು ಇಳಿದರೆ ಅದು ಹೊರಡುತ್ತಿರಲಿಲ್ಲ, ಹೊರಟರೂ ಲಾರಿಗಳ ಸಾಲು ಮುಗಿಯುತ್ತಿರಲಿಲ್ಲ. ಹಾಗಾಗಿ ಮೋಟಾರ್ ಸೈಕಲ್ಲಿನವರು ಜನರ ದೋಣಿಯಲ್ಲೇ ಹೋಗುವುದು ರೂಢಿ. ಗಾಡಿಯನ್ನು ಕೆಸರಿನಿಂದ ಎತ್ತಿ, ದೋಣಿಯ ಅಂಚು ದಾಟಿಸಿ, ಒಳಗೆ ಮಲಗದಂತೆ ನಿಲ್ಲಿಸಬೇಕು.

ಈ ಎತ್ತುವ ಕೆಲಸದ ಯಜಮಾನ ದೋಣಿಯವರ ಮುಖಂಡ, ತಂಡೇಲ. ಮೊಟ್ಟಮೊದಲು ಮದ್ರಾಸಿನದು ಬಂದಾಗ ಅವನು ಅದರ ಸುತ್ತ ಒಂದು ಸುತ್ತು ಬಂದು, ಸೀಟು ಒತ್ತಿ ನೋಡಿ, ಬೀಡಿ ಕೆಳಗೆ ಹಾಕಿ, "ಆರಾಳು ಬೇಕು" ಎಂದ. ಅಲ್ಲಿಂದ ಮುಂದೆ ಮದ್ರಾಸಿನದು ಆರಾಳಿನ ಗಾಡಿ. ಮೈಸೂರಿನದು ಬಂದಾಗ ಅದೇ ರೀತಿ ಸುತ್ತು ಬಂದು "ನಾಲ್ಕಾಳು" ಎಂದ. ದಿಲ್ಲಿ ಕಡೆಯದಕ್ಕೆ ಸುತ್ತು ಕೂಡ ಬರಲಿಲ್ಲ, ಕೂತಲ್ಲಿಂದಲೇ "ಎರಡಾಳು" ಎಂದ. ಯಾವುದೋ ಮಿಲಿಟರಿ ಅಧಿಕಾರಿ ಒಮ್ಮೆ ವಿಲಾಯತಿಯಲ್ಲಿ ಬಂದಾಗ ಎರಡು ಸುತ್ತು ಬಂದು "ಎಂಟಾಳು" ಎಂದನಂತೆ. ತಂಡೇಲನ ಬಾಯಿಂದ ಬಂದದ್ದಕ್ಕೆ ಅಪೀಲು ಇಲ್ಲ. ಮೂರೂ ತಾಲೂಕಿನಲ್ಲಿ ಗಾಡಿಯ ಗಾತ್ರ, ಅದರ ಜೊತೆಗೆ ಗಾಡಿಯವನ ಗಾತ್ರವನ್ನೂ ಅದೇ ಲೆಕ್ಕದಲ್ಲಿ ಅಳೆಯುವಂತಾಯಿತು. ಹುಡುಗನಿಗೆ ಗಾಡಿ ಇದೆ ಎಂದು ದಲ್ಲಾಳಿ ಹೇಳಿದರೆ ಹೆಣ್ಣಿನ ಕಡೆಯವರು ಸಂಬಳ ಕೇಳುವುದಕ್ಕೂ ಮೊದಲು, "ಎಷ್ಟಾಳಿಂದು?" ಎಂದು ಕೇಳುತ್ತಿದ್ದರು.

ನನ್ನ ಹೆಂಡತಿಯೊಡನೆ ಈ ವಿಷಯ ತೆಗೆದೆ. ಅವಳು ಹೊಳೆಯಾಚೆಯ ಮಂಕಿಯವಳು. ಮಾತು ಕಡಿಮೆ, ಆಡಿದರೆ ಉಳಿದವರಿಗೆ ಆಡಲಿಕ್ಕೆ ಏನೂ ಇರುವುದಿಲ್ಲ.

"ನಾವಿಬ್ರೇ ಎತ್ತಿ ಇಡೂವಂತದ್ದು ತಕಣಿ" ಎಂದಳು.

"ಗಾಡಿಯ ವಿಷಯ ನಿನಗೆಂತ ಗೊತ್ತು?" ಎಂದೆ.

"ಗಾಡಿ ಗೊತ್ತಿಲ್ಲ" ಎಂದಳು, "ಎತ್ತೂದು ಗೊತ್ತದೆ."

ಡಾಕ್ಟರರಿಗೆ ಆರು ಜನ

ಹೊನ್ನಾವರದಲ್ಲಿ ಒಬ್ಬ ಎಳೆಯ ಡಾಕ್ಟರು ಇದ್ದರು. ಆಗತಾನೇ ಓದು ಮುಗಿಸಿ ಬಂದವರು, ಮದುವೆಯಾಗಿರಲಿಲ್ಲ. ಕೈಗುಣ ಒಳ್ಳೆಯದು, ಮಾತೂ ಮೃದು. ಅವರು ಮಾಡಿದ ತಪ್ಪು ಒಂದೇ. ನಮ್ಮನ್ನು ಯಾರನ್ನೂ ಕೇಳದೆ ದಿಲ್ಲಿ ಕಡೆಯ ಎರಡಾಳಿನ ಗಾಡಿ ಕೊಂಡುಬಿಟ್ಟರು. ಊರಿನ ಹಿರಿಯ ಡಾಕ್ಟರಿಗಾದರೋ ಮದ್ರಾಸಿನದು ಇತ್ತು.

ಕಾಸರಕೋಡಿನಲ್ಲಿ ಒಬ್ಬ ಅಜ್ಜಿಗೆ ಜ್ವರ ಬಂತು. ಮೊಮ್ಮಗ ಎಳೆಯ ಡಾಕ್ಟರನ್ನು ಕರೆತರುತ್ತೇನೆಂದು ಹೊರಟರೆ ಅಜ್ಜಿ ಕಂಬಳಿಯೊಳಗಿನಿಂದಲೇ, "ನಂಗೆ ಸಣ್ಣ ಜ್ವರ ಅಲ್ಲ. ಆರಾಳಿನ ಡಾಕ್ಟರನ್ನೇ ಕರೀರಿ" ಎಂದಳಂತೆ. ಇದು ಡಾಕ್ಟರ ಕಿವಿಗೂ ಬಿತ್ತು. ನಾನು ಚಹಾ ಕುಡಿಯುತ್ತಿದ್ದ ಹೋಟೆಲಿಗೆ ಬಂದು ಎದುರು ಕೂತು, "ಏಜೆಂಟರೇ, ಇದನ್ನು ಮಾರಿ ಮದ್ರಾಸಿನದು ತಕೊಳ್ಳಲಾ?" ಎಂದು ಕೇಳಿದರು. ಮುಖ ನೋಡಿದರೆ ಅವರಿಗೇ ಔಷಧಿ ಬೇಕಾದ ಹಾಗಿತ್ತು.

"ಮಾರಬೇಡಿ" ಎಂದೆ ನಾನು. ನನ್ನ ತಲೆ ಆ ಕಾಲದಲ್ಲಿ ಬಹಳ ಚುರುಕಾಗಿತ್ತು ಎಂಬುದನ್ನು ಇಲ್ಲಿ ಹೇಳಲೇಬೇಕು. "ಗಾಡಿ ಅದೇ ಇರಲಿ. ಎತ್ತುವುದಕ್ಕೆ ಆರು ಜನ ಇರಲಿ ಎಂದು ತಂಡೇಲನಿಗೆ ಹೇಳಿ."

ಡಾಕ್ಟರು ಹೇಳಿದರು. ಆರಾಳಿನ ಕೂಲಿ ಸಿಗುವಾಗ ತಂಡೇಲ ಎಂತಕ್ಕೆ ಬೇಡ ಎನ್ನುತ್ತಾನೆ? ಮರುದಿನ ಬೆಳಿಗ್ಗೆ ಆರು ಮಂದಿ ಆ ಸಣ್ಣ ಗಾಡಿಯ ಸುತ್ತ ನಿಂತರು. ತೊಂದರೆ ಎಂದರೆ ಅದರಲ್ಲಿ ಹಿಡಿಯಲು ಅಷ್ಟು ಜಾಗ ಇರಲಿಲ್ಲ. ಇಬ್ಬರು ಗಾಡಿ ಹಿಡಿದರು. ಅಲ್ಲಿಗೆ ಗಾಡಿ ಎದ್ದೇ ಬಿಟ್ಟಿತು. ಮೂರನೆಯವನು ಹಾರ್ನ್ ಹಿಡಿದ. ನಾಲ್ಕನೆಯವನು ಡಾಕ್ಟರ ಚೀಲ ಹಿಡಿದ. ಐದನೆಯವನು ಡಾಕ್ಟರ ಕೊಡೆ ಬಿಡಿಸಿ ಹಿಡಿದ. ಆರನೆಯವನಿಗೆ ಏನೂ ಉಳಿಯದೆ ಅವನು ಡಾಕ್ಟರನ್ನೇ ತೋಳಿನ ಕೆಳಗೆ ಹಿಡಿದು ದೋಣಿಗೆ ಹತ್ತಿಸಿದ.

ಆಚೆ ದಡದಲ್ಲಿ ಅವರನ್ನು ಕರೆದುಕೊಂಡು ಹೋಗಲು ಒಬ್ಬ ರೋಗಿಯ ಕಡೆಯವರು ಕಾಯುತ್ತಿದ್ದರು. ಆರು ಜನ ಸುತ್ತುವರಿದು, ಒಬ್ಬ ತೋಳು ಹಿಡಿದು ಡಾಕ್ಟರನ್ನು ಇಳಿಸುವುದನ್ನು ನೋಡಿ ಅವರು, "ಅಯ್ಯೋ ಪಾಪ, ಡಾಕ್ಟರಿಗೇ ಹುಷಾರಿಲ್ಲ" ಎಂದು ಮಾತಾಡಿಕೊಂಡು, ಅದೇ ದೋಣಿಯಲ್ಲಿ ಹಿರಿಯ ಡಾಕ್ಟರನ್ನು ಕರೆತರಲು ಹೊರಟುಹೋದರು.

ನಾನು ಮನೆಗೆ ಬಂದು, ಇನ್ನೇನಾದರೂ ಕೊಂಡೇನು, ಎರಡಾಳಿನದು ಮಾತ್ರ ಕೊಳ್ಳಲಾರೆ ಎಂದು ಹೆಂಡತಿಗೆ ಹೇಳಿದೆ. ಅವಳು ಡಾಕ್ಟರ ಕಥೆ ಕೇಳಿ ನಕ್ಕಳು.

ಭಟ್ಕಳದ ಓಣಿ

ಭಟ್ಕಳದಲ್ಲಿ ನನ್ನ ಚಹಾಪುಡಿಗೆ ದೊಡ್ಡ ಗಿರಾಕಿಗಳು ಇಬ್ಬರು. ಒಬ್ಬರು ಬಟ್ಟೆ ವ್ಯಾಪಾರದ ಸಾಹೇಬರು, ಇನ್ನೊಬ್ಬರು ಅವರ ಭಾವ, ಅತ್ತರಿನ ವ್ಯಾಪಾರಿ. ಇಬ್ಬರ ಮನೆಗಳೂ ಒಂದೇ ಓಣಿಯ ಎರಡು ತುದಿಯಲ್ಲಿ. ಯಾವ ಗಾಡಿ ಒಳ್ಳೆಯದು ಎಂದು ಬಟ್ಟೆಯವರು ಗುಟ್ಟಾಗಿ ಕೇಳಿದಾಗ ನಾನು ಮದ್ರಾಸಿನದು ಎಂದಿದ್ದೆ. ಅತ್ತರಿನವರು ಗುಟ್ಟಾಗಿ ಕೇಳಿದಾಗ ಮೈಸೂರಿನದು ಎಂದಿದ್ದೆ. ಎರಡೂ ನಿಜವೇ. ಇಬ್ಬರೂ ನನ್ನ ಮಾತಿಗೆ ಬೆಲೆ ಕೊಟ್ಟು ಕೊಂಡರು ಎಂಬ ಹೆಮ್ಮೆ ನನಗೆ.

ಒಂದು ದಿನ ನಾನು ಆ ಓಣಿಗೆ ಸೈಕಲ್ ತಳ್ಳಿಕೊಂಡು ಹೋದರೆ ನಡುವೆ ದಾರಿಯೇ ಇಲ್ಲ. ಆ ಕಡೆಯಿಂದ ಮದ್ರಾಸಿನದು, ಈ ಕಡೆಯಿಂದ ಮೈಸೂರಿನದು, ಎರಡೂ ಮುಖಕ್ಕೆ ಮುಖ ಕೊಟ್ಟು ನಿಂತಿವೆ. ಓಣಿ ಎಷ್ಟು ಕಿರಿದೆಂದರೆ ಎರಡು ಹ್ಯಾಂಡಲ್ ಒಟ್ಟಿಗೆ ಹಿಡಿಸುವುದಿಲ್ಲ. ಯಾರಾದರೊಬ್ಬರು ಹಿಂದೆ ಸರಿಯಬೇಕು.

"ದೊಡ್ಡ ಗಾಡಿಗೆ ದಾರಿ ಬಿಡೋದು ಕಾಯ್ದೆ" ಎಂದರು ಬಟ್ಟೆಯವರು.

"ಸಣ್ಣವರನ್ನು ಮುಂದೆ ಬಿಡೋದು ದೊಡ್ಡಸ್ತಿಕೆ" ಎಂದರು ಅತ್ತರಿನವರು.

ಭಾವನೆಂಟರು ನೋಡಿ, ಇಬ್ಬರೂ ನಗುತ್ತಲೇ ಹೇಳುತ್ತಿದ್ದರು, ಇಬ್ಬರೂ ಒಂದು ಅಂಗುಲ ಸರಿಯಲಿಲ್ಲ. ಎರಡೂ ಬದಿಯ ಮನೆಗಳ ಕಿಟಕಿಯಿಂದ ಚಹಾ ಬಂತು. ಗಾಡಿಯ ಮೇಲೆ ಕೂತೇ ಕುಡಿದರು. ಮೀನು ತಂದವಳು ತಿರುಗಿ ಹೋದಳು. ಕಡೆಗೆ ಬಟ್ಟೆಯವರು ನನ್ನನ್ನು ಕಂಡು, "ಬನ್ನಿ ಏಜೆಂಟ್ ಸಾಬ್, ಯಾವ ಗಾಡಿ ಮೇಲು ಅಂತ ನೀವೇ ಹೇಳಿ. ನೀವು ಹೇಳಿದ ಹಾಗೆ ಕೇಳ್ತೇವೆ" ಎಂದರು. ಅತ್ತರಿನವರೂ ತಲೆಯಾಡಿಸಿದರು. ನನ್ನ ಇಬ್ಬರು ದೊಡ್ಡ ಗಿರಾಕಿಗಳು ಒಟ್ಟಿಗೆ ನನ್ನ ಬಾಯಿ ನೋಡುತ್ತಿದ್ದಾರೆ. ನಾನು ಚಹಾಡಬ್ಬದ ಹಗ್ಗ ಬಿಚ್ಚಿ, ಮತ್ತೆ ಕಟ್ಟಿ, ಮತ್ತೆ ಬಿಚ್ಚಿದೆ.

ಆಗ ಮಹಡಿಯ ಕಿಟಕಿಯಿಂದ ಬಟ್ಟೆಯವರ ಮುದಿ ತಾಯಿ ನವಾಯತಿಯಲ್ಲಿ ಏನೋ ಗದರಿದರು. ಅದು ಕೊಂಕಣಿಗೆ ಹತ್ತಿರದ ಅವರ ಮನೆಮಾತು, ಕೊಂಕಣಿ ಬರುತ್ತಿದ್ದರಿಂದ ನನಗೂ ಅರ್ಥವಾಯಿತು. "ಹಿಂದೆ ಹೋಗೋದು ನಾಚಿಕೆ ಅಲ್ವಾ? ಯಾರೂ ಹಿಂದೆ ಹೋಗಬೇಡಿ. ಇಳಿದು ಗಾಡಿ ಬದಲು ಮಾಡಿಕೊಳ್ಳಿ. ನೀನು ಅವನದನ್ನು ತಕೊಂಡು ಮುಂದೆ ಹೋಗು, ಅವನು ನಿನ್ನದನ್ನು ತಕೊಂಡು ಮುಂದೆ ಬರಲಿ."

ಇದರಲ್ಲಿ ಯಾರ ಮರ್ಯಾದೆಗೂ ಕುಂದಿರಲಿಲ್ಲ. ಬಟ್ಟೆಯವರು ಮೈಸೂರಿನದನ್ನು ಹಿಮ್ಮುಖವಾಗಿ ತಳ್ಳುತ್ತ ತಾವು ಮಾತ್ರ ಮುಂದಕ್ಕೇ ನಡೆದರು. ಅತ್ತರಿನವರು ಮದ್ರಾಸಿನದನ್ನು ಹಾಗೇ ತಳ್ಳುತ್ತ ತಾವು ಹೊರಟ ಕಡೆಗೇ ಹೋದರು. ಗಾಡಿಗಳು ಹಿಂದೆ ಹೋದವು, ಮನುಷ್ಯರು ಯಾರೂ ಹೋಗಲಿಲ್ಲ. ಆ ದಿನವೆಲ್ಲ ಇಬ್ಬರೂ ಬೇರೆಯವರ ಗಾಡಿಯಲ್ಲೇ ಓಡಾಡಿದರು.

ಸಂಜೆ ನಾನು ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿ ಹೊರಡುವ ಮೊದಲು ಬಟ್ಟೆಯವರು ನನ್ನನ್ನು ಬದಿಗೆ ಕರೆದರು. "ಏಜೆಂಟ್ ಸಾಬ್, ನನಗೆ ನೀವು ಭಾವನ ಗಾಡಿಯನ್ನೇ ಹೇಳಬೇಕಿತ್ತು" ಎಂದರು. ಸ್ವಲ್ಪ ಹೊತ್ತಿಗೆ ಅತ್ತರಿನವರೂ ಬಂದು ಕರೆದರು. ಅವರು ಹೇಳಿದ್ದೂ ಅದೇ ಮಾತು.

ಯಜಮಾನರು ಹಿಂದೆ ಕೂರುವುದು

ಗೇರುಸೊಪ್ಪೆಯ ಕಡೆಯ ಒಬ್ಬ ತೋಟದ ಯಜಮಾನರು ಸಂತೆಯ ದಿನ ಹೊನ್ನಾವರದಲ್ಲಿ ನನ್ನನ್ನು ಹಿಡಿದರು. ಅವರ ಮನೆಗೂ ನನ್ನ ಚಹಾಪುಡಿಯೇ ಹೋಗುತ್ತಿತ್ತು.

"ನಮ್ಮ ಭಾವಂಗೆ ಮೈಸೂರಿಂದು ಇದ್ದು. ಎಂಗೆ ಅದಕ್ಕಿಂತ ದೊಡ್ಡದೇ ಆಗವು" ಎಂದರು. ಹವ್ಯಕರ ಮಾತಿನಲ್ಲಿ "ಎಂಗೆ" ಎಂದರೆ ನನಗೆ, "ಆಗವು" ಎಂದರೆ ಆಗಬೇಕು.

"ಹಾಗಾದರೆ ಮದ್ರಾಸಿನದು ತಕೊಳ್ಳಿ. ಆದರೆ ನಿಮಗೆ ಹೊಡೆಯಲು ಬರುತ್ತದೆಯೇ?"

"ಎಂಗೆ ಎಂತಕ್ಕೆ ಬರವು? ಡ್ರೈವರ್ ಇಟ್ಗತ್ತೆ."

ಗಾಡಿ ಬಂತು, ಡ್ರೈವರನೂ ಬಂದ. ಒಳ್ಳೆ ಮೈಕಟ್ಟಿನ, ಮೀಸೆಯ ಆಳು. ಯಜಮಾನರು ಬಿಳಿ ಪಂಚೆ, ಕರಿಕೋಟು ಹಾಕಿಕೊಂಡು ಹಿಂದಿನ ಸೀಟಿನಲ್ಲಿ ಕೂತರು. "ಎತ್ತಿನ ಗಾಡೀಲೂ ಯಜಮಾನ ಹಿಂದೆ, ಕಾರಲ್ಲೂ ಯಜಮಾನ ಹಿಂದೆ. ಇದರಲ್ಲಿ ಮಾತ್ರ ಮುಂದೆ ಕೂರೂಲೆ ಬತ್ತಿಲ್ಲೆ" ಎಂದು ನನಗೆ ವಿವರಿಸಿದರು. ಮಾತು ಸರಿಯಾಗಿಯೇ ಇತ್ತು.

ಆದರೆ ದಾರಿಯ ಮೇಲಿನ ಜನಕ್ಕೆ ಅದು ತಿಳಿಯಬೇಕಲ್ಲ. ದೊಡ್ಡ ಗಾಡಿ ಬರುವುದನ್ನು ನೋಡಿ ಎಲ್ಲರೂ ಎದ್ದು ನಿಂತು ಮುಂದೆ ಕೂತ ಮೀಸೆಯವನಿಗೆ ಕೈಮುಗಿಯತೊಡಗಿದರು. ಹಿಂದಿನವರು ಯಾರೋ ದಾರಿಯಲ್ಲಿ ಹತ್ತಿಸಿಕೊಂಡ ಅಡಿಗೆ ಭಟ್ಟರು ಎಂದು ತಿಳಿದರು. ತಾರಿಯಲ್ಲಂತೂ ತಂಡೇಲ, "ಒಡ್ಯಾ, ನೀವು ಮೊದ್ಲು ದೋಣಿ ಹತ್ತಿ" ಎಂದು ಡ್ರೈವರನನ್ನು ಹತ್ತಿಸಿ, ಯಜಮಾನರಿಗೆ ಹಿಂದಿನಿಂದ ಕೈ ಕೊಡಲು ಹೇಳಿದ. ಯಜಮಾನರು ಕರಿಕೋಟಿನಲ್ಲಿ ತಮ್ಮದೇ ಗಾಡಿ ಎತ್ತಿದರು.

ಅವರು ಸಿಟ್ಟಿನಲ್ಲಿ ನನ್ನ ಹತ್ತಿರ ಬಂದರು. ನಾನು ಪುನಃ ನನ್ನ ತಲೆ ಓಡಿಸಿದೆ. "ಡ್ರೈವರನಿಗೆ ಖಾಕಿ ಉಡುಪು, ಖಾಕಿ ಟೋಪಿ ಹೊಲಿಸಿ. ಯಾರು ಆಳು, ಯಾರು ಯಜಮಾನ ಎಂದು ದೂರದಿಂದಲೇ ಗೊತ್ತಾಗುತ್ತದೆ" ಎಂದೆ. ಅವರಿಗೆ ಖುಷಿಯಾಯಿತು. ಖಾಕಿ ಹೊಲಿಸಿದರು.

ಖಾಕಿ ಹಾಕಿದ ಮೊದಲ ದಿನ ಯಜಮಾನರು ಹೊನ್ನಾವರಕ್ಕೆ ಹೋಗಿ ಸಂಜೆ ಮನೆಗೆ ಬಂದರೆ ಅಂಗಳ ತುಂಬ ಜನ. ಹೆಂಡತಿ ಅಳುತ್ತಿದ್ದಾರೆ, ಭಾವ ವಕೀಲರನ್ನೇ ಕರೆದುಕೊಂಡು ಬಂದಿದ್ದಾರೆ. ಮೀಸೆಯ ಪೋಲೀಸಿನವನು ಯಜಮಾನರನ್ನು ಮೋಟಾರ್ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೋದನೆಂದು ದಾರಿಯುದ್ದಕ್ಕೂ ಸುದ್ದಿ.

"ಎಂತ ಆತು? ಯಾರಿಗೆ ಎಂತ ಆತು?" ಎಂದು ಯಜಮಾನರು ಗಾಬರಿಯಿಂದ ಕೇಳಿದರು.

ಎಲ್ಲ ತಿಳಿಯಾಗಿ, ಎಲ್ಲರೂ ನಕ್ಕು, ಊಟವೂ ಆದ ಮೇಲೆ, ಬಂದ ವಕೀಲರನ್ನು ನಡೆಸಿಕೊಂಡು ಕಳಿಸುವುದು ಸರಿಯಲ್ಲವೆಂದು ಯಜಮಾನರು ಅವರನ್ನು ತಮ್ಮ ಗಾಡಿಯಲ್ಲೇ ಹೊನ್ನಾವರಕ್ಕೆ ಕಳಿಸಿಕೊಟ್ಟರು. ಬೆಳಗಾಗುವುದರೊಳಗೆ ವಕೀಲರನ್ನೂ ಹಿಡಿದರಂತೆ ಎಂದು ಕುಮಟೆಯವರೆಗೆ ಸುದ್ದಿ ಮುಟ್ಟಿತ್ತು.

ನನ್ನ ವಿಲಾಯತಿ

ಇಷ್ಟೆಲ್ಲ ಆಗುವುದರೊಳಗೆ ಆರಾಳಿನ ಗಾಡಿ ಮೂರು ತಾಲೂಕಿನಲ್ಲೂ ಸಾಮಾನ್ಯವಾಗಿಬಿಟ್ಟಿತ್ತು. ಸೋಪಿನ ಏಜೆಂಟನೂ ಮದ್ರಾಸಿನದು ತಂದಿದ್ದ. ಎಲ್ಲರಿಗೂ ಗಾಡಿ ಆರಿಸಿಕೊಟ್ಟ ನಾನು ಎಲ್ಲರ ಹಾಗೆ ಆರಾಳಿನದರಲ್ಲಿ ಓಡಾಡುವುದೇ? ಬೆಳಗಾವಿಯ ಮಿಲಿಟರಿ ಹರಾಜಿಗೆ ಹೋಗಿ ವಿಲಾಯತಿಯನ್ನೇ ತಂದೆ. ಆ ಕಾಲದಲ್ಲಿ ಮೂರೂ ಊರಿನಲ್ಲಿ ಎಂಟಾಳಿನ ಗಾಡಿ ಇದ್ದದ್ದು ನನಗೊಬ್ಬನಿಗೇ. ಅದನ್ನು ಹೊಳನಗದ್ದೆಗೆ ತಂದು ನಿಲ್ಲಿಸಿದ ದಿನ ಊರಿಗೆ ಊರೇ ಗದ್ದೆಯ ಕೆಲಸ ಬಿಟ್ಟು ಬಂದಿತ್ತು. ಅದರ ಶಬ್ದಕ್ಕೆ ಪಕ್ಕದ ಮನೆಯ ಮಾಡಿನ ಹಂಚೊಂದು ಜಾರಿತು. ಪಕ್ಕದ ಮನೆಯವರು ಬೈಯಲಿಲ್ಲ, ಬಂದ ನೆಂಟರಿಗೆಲ್ಲ ಆ ಹಂಚನ್ನು ತೋರಿಸುತ್ತಿದ್ದರು.

ಹೆಂಡತಿ ಒಂದು ಸುತ್ತು ಬಂದಳು. ತಂಡೇಲನ ಹಾಗೆಯೇ ಸೀಟು ಒತ್ತಿ ನೋಡಿದಳು. "ಚಂದ ಅದೆ" ಎಂದಳು. ನನಗೆ ಅಷ್ಟೇ ಸಾಕಾಯಿತು.

ಮೊದಲ ಸವಾರಿ ದೀಪಾವಳಿಗೆ, ಮಂಕಿಯ ಮಾವನ ಮನೆಗೆ. ಅಂದರೆ ತಾರಿ ದಾಟಬೇಕು. ನಾನು ಕಾಯುತ್ತಿದ್ದದ್ದೂ ಅದಕ್ಕೇ. ಎಂಟು ಜನ ಸೇರಿ ನನ್ನ ಗಾಡಿ ಎತ್ತುವುದನ್ನು ಹೊನ್ನಾವರದವರು ಈ ದಡದಿಂದ, ಕಾಸರಕೋಡಿನವರು ಆ ದಡದಿಂದ ನೋಡಬೇಕು, ಆ ಸುದ್ದಿ ನನಗಿಂತ ಮೊದಲು ಮಂಕಿ ಮುಟ್ಟಬೇಕು. ಎರಡು ದಿನ ಮೊದಲೇ ತಂಡೇಲನಿಗೆ ಹೇಳಿ ಕಳಿಸಿದ್ದೆ. "ಎಂಟಾಳು ತಯಾರಿರ್ತಾರೆ" ಎಂದು ಉತ್ತರವೂ ಬಂದಿತ್ತು. ಗಾಡಿಗೆ ಎಣ್ಣೆ ಹಚ್ಚಿ ಒರೆಸಿ, ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು, ಮಾವನಿಗೆಂದು ಒಂದು ಡಬ್ಬ ಚಹಾಪುಡಿ ಅವಳ ಮಡಿಲಲ್ಲಿಟ್ಟು ಹೊರಟೆ.

ತಾರಿಗೆ ಬಂದರೆ ಅಲ್ಲಿ ಗಂಡಸು ಎಂಬ ಪ್ರಾಣಿ ಇಲ್ಲ. ಕಾಸರಕೋಡಿನ ಸಮುದ್ರದಲ್ಲಿ ರಂಪಣಿ ಬಲೆಗೆ ಬಂಗಡೆ ಮೀನು ಬಿದ್ದಿತ್ತು. ರಂಪಣಿ ಎಂದರೆ ದಡದಿಂದಲೇ ಎಳೆಯುವ ದೊಡ್ಡ ಬಲೆ. ಅದು ತುಂಬಿತೆಂದರೆ ಎಳೆಯಲು ಕೈಗಳು ಸಾಲುವುದಿಲ್ಲ. ತಂಡೇಲ, ಅವನ ಆಳುಗಳು, ಹೋಟೆಲಿನ ಮಾಣಿಗಳು, ಎಲ್ಲರೂ ಆಚೆ ಹೋಗಿದ್ದರು. ಉಳಿದದ್ದು ಒಂದು ದೋಣಿ, ಹುಟ್ಟು ಹಾಕುವ ಒಬ್ಬ ಮುದುಕ, ಮತ್ತು ಖಾಲಿ ಬುಟ್ಟಿ ಹಿಡಿದು ಆಚೆ ಹೋಗಿ ಬಂಗಡೆ ತರಲು ಅವಸರದಲ್ಲಿದ್ದ ಮೂವರು ಮೀನುಗಾರ ಹೆಂಗಸರು.

ನನ್ನ ಗಾಡಿ ದೋಣಿಗೆ ಹತ್ತುವ ದಾರಿಗೆ ಅಡ್ಡ ನಿಂತಿತ್ತು. ನಾನು ಅದನ್ನು ಸರಿಸಲಿಲ್ಲ. "ಎಂಟಾಳು ಬರಲಿ. ನಾನು ಮೊದಲೇ ಹೇಳಿ ಕಳಿಸಿದ್ದೇನೆ" ಎಂದೆ.

ಮೂವರಲ್ಲಿ ಹಿರಿಯಳು ಸೊಂಟದ ಮೇಲೆ ಕೈಯಿಟ್ಟು ಗಾಡಿಯನ್ನೂ ನನ್ನನ್ನೂ ನೋಡಿದಳು. "ಅಣ್ಣಾ, ನಿಮ್ಮ ಎಂಟಾಳು ಬರೂವರಿಗೆ ಬಂಗಡೆ ಕಾಯ್ತದ್ಯಾ?"

"ಕಾಯಲೇಬೇಕು. ಇದು ವಿಲಾಯತಿ. ಎಂಟು ಜನಕ್ಕಿಂತ ಕಡಿಮೆಗೆ ಏಳುವುದಿಲ್ಲ."

ಹಿಂದಿನಿಂದ ನನ್ನ ಹೆಂಡತಿ ಇಳಿದಳು. ಸೆರಗನ್ನು ಸೊಂಟಕ್ಕೆ ಬಿಗಿದಳು. ಚಹಾಪುಡಿಯ ಡಬ್ಬವನ್ನು ನನ್ನ ಕೈಗೆ ಕೊಟ್ಟು, "ಇದ ಹಿಡ್ಕಣಿ" ಎಂದಳು. ಆಮೇಲೆ ಆ ಮೂವರ ಕಡೆ ತಿರುಗಿ, "ಅಕ್ಕಾ, ನೀವಿಬ್ರು ಹಿಂದೆ ಹಿಡೀರಿ. ನಾನೂ ಈ ತಂಗೀನೂ ಮುಂದೆ" ಎಂದಳು.

"ಏ, ಬೇಡ. ಅದು ಎಂಟಾಳಿನ ಗಾಡಿ" ಎಂದೆ.

"ಹಸಿ ಹುಲ್ಲಿನ ಹೊರೆ ಇದಕ್ಕಿಂತ ಭಾರ ಇರ್ತದೆ" ಎಂದಳು ಅವಳು.

ನಾಲ್ವರೂ ಒಟ್ಟಿಗೆ ಬಗ್ಗಿದರು, ಒಟ್ಟಿಗೆ ಎದ್ದರು. ನಾನು ಬಾಯಿ ತೆರೆದು ಮುಚ್ಚುವುದರೊಳಗೆ ವಿಲಾಯತಿ ದೋಣಿಯ ನಡುವೆ ನಿಂತಿತ್ತು. ಕೆಸರಿನಲ್ಲಿ ಡಬ್ಬ ಹಿಡಿದು ನಿಂತ ನನಗೆ, ಎಳೆಯ ಡಾಕ್ಟರ ಚೀಲ ಹಿಡಿದವನ ನೆನಪು ಸುಮ್ಮನೆ ಬಂತು. ಹುಟ್ಟು ಹಾಕುವ ಮುದುಕ ಬೀಡಿ ಹಚ್ಚುವುದನ್ನೇ ಮರೆತು ಕೂತಿದ್ದ.

ಆಚೆ ದಡದಲ್ಲಿ ತಂಡೇಲ ಓಡಿ ಬಂದ, ಹಿಂದೆ ಅವನ ಆಳುಗಳು. ಅವರು ಹತ್ತಿರ ಬರುವಷ್ಟರಲ್ಲಿ ನಾಲ್ವರೂ ಗಾಡಿಯನ್ನು ಇಳಿಸಿಯೂ ಆಗಿತ್ತು. ಹೆಂಗಸರು ಬುಟ್ಟಿ ತೆಗೆದುಕೊಂಡು ಬಂಗಡೆಯ ಕಡೆ ಓಡಿದರು.

"ಹತ್ತಿಸಿದ್ದು ಯಾರು?" ಎಂದು ತಂಡೇಲ ಕೇಳಿದ. ಮುದುಕ ನನ್ನ ಹೆಂಡತಿಯ ಕಡೆ ಬೆರಳು ತೋರಿಸಿ, ಆಮೇಲೆ ಓಡುತ್ತಿದ್ದ ಮೂರು ಬುಟ್ಟಿಗಳ ಕಡೆ ತೋರಿಸಿದ. ತಂಡೇಲ ಗಾಡಿಯ ಸುತ್ತ ಒಂದು ಸುತ್ತು ಬಂದ. ನನ್ನ ಹೆಂಡತಿಯ ಸುತ್ತ ಬರುವ ಧೈರ್ಯವಾಗದೆ ಅಲ್ಲೇ ನಿಂತು ಒಮ್ಮೆ ನೋಡಿದ. ಬಾಯಿಂದ ಬಂದದ್ದಕ್ಕೆ ಅಪೀಲು ಇಲ್ಲದ ಮನುಷ್ಯ ಅವನು. ಎಲ್ಲರೂ ಕಾದರು.

"ಇದು ನಾಲ್ಕು ಹೆಂಗಸರ ಗಾಡಿ" ಎಂದ.

ನನಗೆ ನಾಚಿಕೆಯಾದದ್ದು ನಿಜ. ಆದರೆ ಆ ನಾಚಿಕೆ ಕಾಸರಕೋಡು ದಾಟುವವರೆಗೆ ಮಾತ್ರ ಇತ್ತು. ಮಂಕಿ ಹತ್ತಿರವಾಗುತ್ತ ಬಂದ ಹಾಗೆ, ಹಿಂದೆ ಕೂತವಳ ಕೈ ನನ್ನ ಹೆಗಲ ಮೇಲೆ ಇತ್ತಲ್ಲ, ಆ ಕೈಯ ಬಗ್ಗೆ ನನಗೆ ಎಂಥದೋ ಹೆಮ್ಮೆ ಉಕ್ಕಿ ಬಂತು. ಇಷ್ಟು ವರ್ಷ ಮೂರು ತಾಲೂಕಿನಲ್ಲಿ ದೊಡ್ಡದು ಯಾವುದೆಂದು ಹುಡುಕಿದವನ ಮನೆಯಲ್ಲೇ ಅದು ಇತ್ತು. ಮಾವನ ಮನೆಗೆ ಸುದ್ದಿ ನಮಗಿಂತ ಮೊದಲೇ ಮುಟ್ಟಿತ್ತು. ಅಂಗಳದಲ್ಲಿ ಸೇರಿದವರು ವಿಲಾಯತಿಯನ್ನು ತಿರುಗಿಯೂ ನೋಡಲಿಲ್ಲ. ಎಲ್ಲರೂ ನೋಡಿದ್ದು ಅವಳನ್ನು. ನಾನೂ ಅವರ ಜೊತೆ ನಿಂತು ನೋಡಿದೆ.

ಹಬ್ಬ ಮುಗಿಸಿ ಬಂದ ಮೇಲೆ ನನ್ನ ಮನೆಗೆ ಒಬ್ಬೊಬ್ಬರೇ ಬರತೊಡಗಿದರು. ತಾರಿಯ ಲೆಕ್ಕವೇ ಬಿದ್ದುಹೋಗಿತ್ತು. ಎಂಟಾಳಿನದು ನಾಲ್ಕು ಹೆಂಗಸರದ್ದಾದರೆ ಆರಾಳಿನದು ಮೂವರದ್ದು, ನಾಲ್ಕಾಳಿನದು ಇಬ್ಬರದ್ದು ಎಂದು ಊರೆಲ್ಲ ಬಾಯಿಲೆಕ್ಕ ಮಾಡಿಬಿಟ್ಟಿತ್ತು. "ನಿನ್ನ ಹೆಂಡತಿ ಎಂಗಳ ಮರ್ಯಾದೆ ತೆಗೆದ್ಲಲಾ ಮಾರಾಯಾ" ಎಂದು ಗೇರುಸೊಪ್ಪೆಯ ಯಜಮಾನರು ಅವಳು ಕೊಟ್ಟ ಚಹಾ ಕುಡಿಯುತ್ತಲೇ ದೂರಿದರು. ಸೋಪಿನ ಏಜೆಂಟ ಮದ್ರಾಸಿನದನ್ನು ಮಾರುತ್ತೇನೆ ಎಂದ.

ಕೊನೆಗೆ ಬಂದವರು ಎಳೆಯ ಡಾಕ್ಟರು. ಗಾಡಿಯನ್ನು ದೂರದಲ್ಲೇ ನಿಲ್ಲಿಸಿ, ಜಗಲಿಯ ತುದಿಯಲ್ಲಿ ಕೂತು, ತಲೆ ತಗ್ಗಿಸಿ ಹೇಳಿದರು. "ಏಜೆಂಟರೇ, ಈ ಲೆಕ್ಕದಲ್ಲಿ ನನ್ನದು ಒಬ್ಬಳೇ ಹೆಂಗಸಿನ ಗಾಡಿ ಆಯಿತು. ಇನ್ನು ಯಾವ ಗಾಡಿ ತಕೊಳ್ಳಲಿ, ನೀವೇ ಹೇಳಿ."

"ಗಾಡಿ ಯಾವುದಾದರೂ ಆಗುತ್ತದೆ ಡಾಕ್ಟರೇ" ಎಂದೆ ನಾನು. "ಆ ಒಬ್ಬಳನ್ನು ಮಂಕಿಯಿಂದ ತನ್ನಿ."

ಮುಂದಿನ ಬೇಸಿಗೆಯಲ್ಲಿ ಡಾಕ್ಟರ ಮದುವೆಯ ಊಟ ಮಂಕಿಯಲ್ಲೇ ಆಯಿತು. ಗಾಡಿಯನ್ನು ಅವರು ಬದಲಿಸಲಿಲ್ಲ.